ಹಾರ ಹಾಕುವಷ್ಟರಲ್ಲಿ

ಆಗಲೇ ಎರಡು ಸಲ ಗಡಿಯಾರ ನೋಡಿದ ಅಧ್ಯಕ್ಷರಾದ ವಾಮದೇವಪ್ಪನವರೇ, ದಾವಣಗೆರೆಯ ಬಿಸಿಲಿನಲ್ಲೂ ಕೋಟು ಬಿಡದ ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ನನ್ನ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಮೂವತ್ತೊಂದು ವರ್ಷ ಈ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ಇಂದು ನಿವೃತ್ತನಾಗುತ್ತಿದ್ದೇನೆ. ನಿಮ್ಮ ಅಭಿನಂದನಾ ಪತ್ರದಲ್ಲಿ ನನ್ನನ್ನು ‘ಶಿಷ್ಯರ ಬೆನ್ನೆಲುಬು’ ಎಂದಿದ್ದೀರಿ. ಆ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕಾಗಿದೆ.

ಅದಕ್ಕೆ ಮೊದಲು ಒಂದು ಪುಟ್ಟ ಪಾಠ. ಔಷಧದ ಒಳರಚನೆ ತಿಳಿಯುವುದು ಹೇಗೆ? ಅದರಲ್ಲಿರುವ ಜಲಜನಕದ ಪರಮಾಣು ಬೀಜಗಳು ಪುಟ್ಟ ಆಯಸ್ಕಾಂತಗಳು. ದೊಡ್ಡ ಆಯಸ್ಕಾಂತದ ನಡುವೆ ಇಟ್ಟು ರೇಡಿಯೋ ಅಲೆಯಿಂದ ತಟ್ಟಿದರೆ ದನಿ ಕೊಡುತ್ತವೆ. ಆದರೆ ಹೆಚ್ಚುಕಡಿಮೆ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ ಮುಖ ಮಾಡಿರುತ್ತವೆ. ಈ ಸಭೆಯಲ್ಲಿ ಅರ್ಧ ಜನ ‘ಹೌದು’, ಅರ್ಧ ಜನ ‘ಅಲ್ಲ’ ಎಂದು ಕೂಗಿದರೆ ಹೊರಗಿನವರಿಗೆ ಏನು ತಿಳಿದೀತು? ಎಲ್ಲರೂ ಒಂದೇ ಮಾತು ಕೂಗಿದರೆ? ಅವನ್ನು ಹಾಗೆ ಒಗ್ಗೂಡಿಸುವ ವಿದ್ಯೆಯೇ ಹೈಪರ್‌ಪೋಲರೈಸೇಶನ್. ದನಿ ನೂರಾರು ಪಟ್ಟು ಏರುತ್ತದೆ. ನಿಮಿಷದೊಳಗೆ ಇಳಿದೂ ಹೋಗುತ್ತದೆ.

ಎರಡು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಹರಿಹರದ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನನ್ನ ವಿದ್ಯಾರ್ಥಿನಿ ಆಶಾರಾಣಿ ಇದಕ್ಕೆ ಕೈ ಹಾಕಿದಳು. ತನ್ನೂರು ಬಾತಿಯಿಂದ ಐದು ತಿಂಗಳು ಬಸ್ಸಿನಲ್ಲಿ ಓಡಾಡಿದಳು. ಕೊನೆಗೊಂದು ದಿನ, ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿ ಅಣಿಗೊಳಿಸಿದ ಜಲಜನಕವನ್ನು ಔಷಧದ ದ್ರಾವಣಕ್ಕೆ ಹಾಯಿಸಿ, ನಳಿಕೆಯನ್ನು ಯಂತ್ರಕ್ಕೆ ಇಳಿಸಿದಳು. ಗುಂಡಿ ಒತ್ತುವುದೊಂದೇ ಬಾಕಿ.

ಆಗ ನಾನೇನು ಮಾಡಿದೆ? ನಮ್ಮ ಅಧ್ಯಕ್ಷರ ಹಸ್ತದಿಂದಲೇ ಒತ್ತಿಸಬೇಕೆಂದೆ. ಬರೀ ಕೊರಳಲ್ಲಿ ಒತ್ತಿಸುವುದುಂಟೇ? ಮೊದಲು ಹಾರ, ಆಮೇಲೆ ಶಾಲು, ಆಮೇಲೆ ಫೋಟೋ.

“ಸರ್, ಈಗ್ಲೇ ಒತ್ಬೇಕ್ರಿ. ತಡ ಆದ್ರೆ ಏನೂ ಉಳಿಯಲ್ಲ,” ಎಂದಳು.

“ಸುಮ್ನಿರಮ್ಮ, ದೊಡ್ಡೋರ ಮುಂದೆ ಅವಸರ ಮಾಡಬ್ಯಾಡ,” ಎಂದೆ.

ಫೋಟೋಗ್ರಾಫರ್ ಶಬ್ಬೀರ್, “ಹಾರ ಇನ್ನೊಂದ್ಸಲ ಎತ್ತಿ ಹಿಡೀರಿ ಸಾರ್,” ಎಂದ. ಹಿಡಿದೆ. ಆಮೇಲೆ ಗುಂಡಿ ಒತ್ತಿದರು. ಪರದೆಯ ಮೇಲೆ ಬರೀ ನೆಟ್ಟಗಿನ ಗೆರೆ.

“ಯಾಕ್ರಿ ಮೇಷ್ಟ್ರೇ, ಏನೂ ಕಾಣಂಗಿಲ್ಲಲ್ಲ?” ಎಂದರು ಅಧ್ಯಕ್ಷರು.

“ಹುಡುಗಿ ದ್ರಾವಣ ಸರಿಯಾಗಿ ಮಾಡಿಲ್ಲ ಸಾರ್,” ಎಂದುಬಿಟ್ಟೆ.

ನಿಜವಾದ ಕಾರಣ ನನಗೆ ಗೊತ್ತಿತ್ತು, ಮಹನೀಯರೇ. ಚೆನ್ನಾಗಿ ಗೊತ್ತಿತ್ತು. ಮರುವಾರವೇ ಕಂಪನಿಯವರು ಅವಳಿಗೆ ಪ್ರಯೋಗಾಲಯಕ್ಕೆ ಬರಬೇಡ ಎಂದರು. ನಾನು ಬಾಯಿ ಬಿಡಲಿಲ್ಲ. ಈಗವಳು ಕೊಂಡಜ್ಜಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ.

ನನಗೆ ನಾಚಿಕೆಯಾಗುತ್ತದೆ. ಆ ‘ಬೆನ್ನೆಲುಬು’ ಎಂಬ ಪದವನ್ನು ದಯವಿಟ್ಟು ಹೊಡೆದುಹಾಕಿ.

ಆದರೆ ಆ ಔಷಧ ಅಂದು ಏನು ಹೇಳಲಿತ್ತು? ಎರಡು ವರ್ಷದಿಂದ ಆ ಕುತೂಹಲ ನನ್ನನ್ನು ಬಿಟ್ಟಿಲ್ಲ. ಸೋಮವಾರ ಬೆಳಿಗ್ಗೆ ಅದೇ ಯಂತ್ರ ಬಿಟ್ಟುಕೊಡಲು ಕಂಪನಿಯವರು ಒಪ್ಪಿದ್ದಾರೆ. ಆಶಾರಾಣಿ, ಕೊನೆಯ ಸಾಲಿನಲ್ಲಿ ಕೂತಿದ್ದೀಯ, ಕಾಣುತ್ತಿದೆ. ತಪ್ಪು ನಿನ್ನದಲ್ಲ, ನನ್ನದು. ನೀನು ಬರುವುದಾದರೆ ಜಲಜನಕದ ಸಿಲಿಂಡರ್ ನಾನು ಹೊರುತ್ತೇನೆ, ಗುಂಡಿ ನೀನು ಒತ್ತಮ್ಮ. ಬರದಿದ್ದರೆ, ಅದೂ ನಿನಗೆ ಬಿಟ್ಟದ್ದು.

ನಾನು ಮಾತಾಡಿದ ಹೊತ್ತಿನಲ್ಲಿ ಅಂಥ ಹತ್ತು ಪ್ರಯೋಗ ಕೆಟ್ಟುಹೋಗುತ್ತಿದ್ದವು. ತಾಳ್ಮೆಯಿಂದ ಕೇಳಿದ ಎಲ್ಲರಿಗೂ ಧನ್ಯವಾದ. ಶಬ್ಬೀರ್, ಸೋಮವಾರ ಮಾತ್ರ ನೀನು ಬರಬ್ಯಾಡಪ್ಪ.

ನಮಸ್ಕಾರ.