ಪಂಕ್ಚರ್ ಇಲ್ಲದ ಇನ್ನೂರ ಹನ್ನೊಂದು ದಿನ

...ಅಲ್ಲೇ ನಮಿತಾ, ಅಲ್ಲೇ. ಸೊಂಟದ ಮೇಲೆ, ಎಡಕ್ಕೆ. ಅಯ್ಯಪ್ಪಾ. ಹೂಂ ಕಣಮ್ಮ, ಬಾತ್‌ರೂಮಲ್ಲಿ ಜಾರಿದ್ದು. ನಿಮ್ಮ ಫಿಸಿಯೋಥೆರಪಿ ಫಾರಮ್ಮಲ್ಲಿ ಹಾಗೇ ಬರ್ಕೊ. ಯಾವ ಕಡೆ ಬಿದ್ದೆ ಅಂತ ಎಷ್ಟು ಸಲ ಕೇಳ್ತೀಯ?

ಸರಿ, ಸರಿ, ಹಾಗೆ ಒತ್ತಬೇಡ, ಹೇಳ್ತೀನಿ. ನಿಮ್ಮಪ್ಪ ಭಾರ್ಗವನ ಕಿವಿಗೆ ಮಾತ್ರ ಹಾಕ್ಬೇಡ. ಅವನಿಗೆ ಗೊತ್ತಾದ್ರೆ ಕನ್ನಡ ಸಂಘದಲ್ಲೆಲ್ಲ ಡಂಗುರ ಹೊಡೀತಾನೆ. ಲೋಡರ್ ಓಡಿಸ್ದೆ ಕಣಮ್ಮ. ಈ ದ್ವಾರಕಾನಾಥ, ಐವತ್ತಾರು ವಯಸ್ಸಿಗೆ, ಹೊಟ್ಟೆ ಸ್ಟೀರಿಂಗಿಗೆ ತಾಗಿಸ್ಕೊಂಡು, ಇಡೀ ದಿನ. ಯಾಕೆ ನಗ್ತೀಯ? ಮಕಾಡೆ ಮಲಗಿ ಕಾಣ್ದೇ ಇದ್ರೂ ಗೊತ್ತಾಗುತ್ತೆ, ಬೆನ್ನ ಮೇಲೆ ನಿನ್ನ ಕೈ ಅಲ್ಲಾಡ್ತಿದೆ.

ನಮ್ಮ ಯಾರ್ಡ್ ನೋಡಿದ್ದೀಯಲ್ಲ, ಇಂಡಸ್ಟ್ರಿಯಲ್ ಏರಿಯಾದಲ್ಲಿ? ಗುಜರಿ ಕಬ್ಬಿಣ. ಎಲ್ಲಿ ಕಾಲಿಟ್ರೂ ಮೊಳೆ, ತಗಡು, ಸರಳಿನ ಚೂರು. ಅದನ್ನ ಬಾಚಿ ತುಂಬೋ ಲೋಡರ್ ಗಾಡಿ ವಾರಕ್ಕೆ ಎರಡು ಸಲ ಪಂಕ್ಚರ್. ಟೈರ್ ರಿಪೇರಿಯೋನು ಜಾಮಲ್ಲಿ ಸಿಕ್ಕಿ ಬರೋ ಹೊತ್ತಿಗೆ ಅರ್ಧ ದಿನ ಹೋಗಿರೋದು. ಆಗ ನಿಮ್ಮ ಮಹಾ ಇಂಜಿನಿಯರ್ ಅಂಕಲ್‌ಗೆ ತಲೆ ಓಡ್ತು. ಟೈರಲ್ಲಿ ಗಾಳಿ ಇದ್ರೆ ತಾನೇ ಹೋಗೋದು? ಗಾಳಿ ಬದಲು ಫೋಮ್ ತುಂಬಿಸ್ದೆ. ಫೋಮ್ ಅಂದ್ರೆ ಮೆತ್ತಗಿರುತ್ತೆ ಅನ್ಕೊಂಡ್ಯಾ? ಒಳಗೆ ಹೋಗಿ ಗಟ್ಟಿ ಆಗಿಬಿಡುತ್ತೆ, ಒಂದೇ ರಬ್ಬರ್ ದಿಮ್ಮಿ ಥರ.

ಗೇಟಲ್ಲಿ ಬೋರ್ಡ್ ಬೇರೆ ಹಾಕಿಸ್ದೆ. ಪಂಕ್ಚರ್ ಇಲ್ಲದೆ ಇಷ್ಟು ದಿನ ಅಂತ. ದಿನಾ ಬೆಳಗ್ಗೆ ಸಂಧ್ಯಾವಂದನೆ ತಪ್ಪಿದ್ರೂ ಚಾಕ್‌ಪೀಸಲ್ಲಿ ಆ ನಂಬರ್ ತಿದ್ದೋದು ತಪ್ಪಿಸ್ತಿರ್ಲಿಲ್ಲ. ಆಯುಧಪೂಜೇಲಿ ಲೋಡರಿಗೊಂದು ಹಾರ, ಬೋರ್ಡಿಗೊಂದು ಹಾರ. ಚಕ್ರದಡಿ ನಿಂಬೆಹಣ್ಣಿಟ್ಟು ಮುಂದಕ್ಕೆ ಬಿಟ್ರೆ, ನಿಂಬೆಹಣ್ಣು ಹೋಗ್ಲಿ, ರಂಗೋಲಿ ಹಾಕಿದ್ದ ನೆಲಾನೇ ಬಿರುಕು ಬಿಡ್ತು. ಗಾಡಿ ಅಷ್ಟು ಭಾರ ಆಗಿತ್ತು. ಎಲ್ರೂ ಚಪ್ಪಾಳೆ ತಟ್ಟಿದ್ರು. ಎಲ್ಲಕ್ಕಿಂತ ಜೋರಾಗಿ ನಾನು.

ಆಮೇಲೆ ಶುರುವಾಯ್ತು ನೋಡು. ಡೀಸೆಲ್ ಜಾಸ್ತಿ ಕುಡಿಯೋಕೆ ಹಿಡೀತು. ಆಕ್ಸಲ್ ಬೇರಿಂಗ್ ಹೋಯ್ತು. ಒಂದು ಟೈರ್ ಸವೆದಾಗ ರಿಮ್ಮಿಂದ ಬಿಡಿಸೋಕೆ ಇಬ್ಬರು ಗರಗಸ ಹಿಡಿದು ಒಂದು ದಿನ ಕೂತ್ರು, ಒಳಗಿನ ಫೋಮೂ ಕಸಕ್ಕೆ. ಇರ್ಲಿ, ಪಂಕ್ಚರ್ ಅಂತೂ ಆಗ್ಲಿಲ್ವಲ್ಲ. ನಂಬರ್ ಏರ್ತಾನೇ ಇತ್ತು.

ಮುಟುವಾ ಅಂತ ಆಪರೇಟರು. ಹನ್ನೊಂದು ವರ್ಷದಿಂದ ಆ ಸೀಟು ಅವನದ್ದೇ. ಒಂದಿನ ಬಂದು, ಇಲ್ಲಿನೋರು ಹಿರಿಯರನ್ನ ಕರೆಯೋ ಹಾಗೆ, "ಮ್ಜೇ, ಈ ಗಾಡಿ ಬೆನ್ನಿಗೆ ಹೊಡೀತಿದೆ" ಅಂದ. ದಿಂಬು ಇಟ್ಕೊ ಅಂದೆ ನಾನು. ಎರಡು ತಿಂಗಳಿಗೆ ಹಾಸಿಗೆ ಹಿಡಿದ. ಗಾಡಿಯಿಂದಲೇ ನೋವು ಬಂದಿದ್ದು ಅಂತ ಪರಿಹಾರಕ್ಕೆ ಅರ್ಜಿ ಹಾಕಿದ್ದಾನೆ. ಸೋಮವಾರ ವಿಚಾರಣೆ. ಸುಳ್ಳು ಅಂತಾದ್ರೆ ಅವನ ಕೆಲಸಾನೇ ಹೋಗುತ್ತೆ.

ಕೈ ಯಾಕೆ ನಿಂತ್ಹೋಯ್ತು? ಒತ್ತಮ್ಮ.

ಕಂಪನಿ ನನ್ನ ಅಭಿಪ್ರಾಯ ಕೇಳ್ತು. ಅದಕ್ಕೇ ನಾನು ಹತ್ತಿದ್ದು. ಅನ್ಯಾಯ ಆಗ್ಬಾರ್ದಲ್ಲ. ಹತ್ತು ಗಂಟೆಗೆ ಹಲ್ಲು ಕಟಕಟ ಅಂತಿತ್ತು. ಮಧ್ಯಾಹ್ನ ಬಗ್ಗೋಕಾಗ್ದೆ ಮೊಸರನ್ನ ನಿಂತ್ಕೊಂಡೇ ತಿಂದೆ. ಸಂಜೆ ಇಬ್ಬರು ವೆಲ್ಡರ್‌ಗಳು ನನ್ನ ಗಣಪತಿ ಇಳಿಸೋ ಹಾಗೆ ಇಳಿಸಿದ್ರು, "ಪೋಲೆ, ಪೋಲೆ" ಅಂತ ಸಮಾಧಾನ ಮಾಡ್ಕೊಂಡು.

ಆಮೇಲಾ? ಆಮೇಲೇನು... ಪತ್ರ ಬರೆದೆ. ಟೆಕ್ನಿಕಲ್ ವಿಷಯ, ಬಿಡು.

ನಮಿತಾ? ಮಂಚದ ಈ ತೂತಲ್ಲಿ ಮುಖ ಇಟ್ಕೊಂಡ್ರೆ ನೆಲ ಬಿಟ್ಟು ಏನೂ ಕಾಣಲ್ಲ. ನಿನ್ನ ಚಪ್ಪಲಿ ಇಲ್ಲೇ ಇದೆ. ಕೈ ಮಾತ್ರ ಬೆನ್ನ ಮೇಲಿಲ್ಲ.

ಒಂದ್ನಿಮಿಷ. ನಮ್ಮ ಕೆಲಸದೋರನ್ನೆಲ್ಲ ಈ ಪಂಗಾನಿ ಕ್ಲಿನಿಕ್ಕಿಗೇ ಕಳಿಸೋದು. ಸಹಿ ಹಾಕಿ ಕಳಿಸೋನು ನಾನೇ. ಮುಟುವಾನೂ ಇದೇ ಮಂಚದ ಮೇಲೆ ಮಲಗಿದ್ನಾ?

ಅವನ ಬೆನ್ನಿನ ವರದಿ ಕೇಳುವಾಗ ಕಂಪನಿ ನನ್ನ ಪತ್ರಾನೂ ನಿಂಗೆ ಕಳಿಸಿರ್ಬೇಕು.

ಓದಿದ್ದೀಯ.

"ನಾನೇ ಒಂದು ಪೂರ್ತಿ ದಿನ ಓಡಿಸಿ ನೋಡಿದ್ದೇನೆ. ಯಾವ ತೊಂದರೆಯೂ ಕಂಡುಬಂದಿಲ್ಲ. ನೋವು ಮನೆಗೆಲಸದಿಂದ ಬಂದಿರಬಹುದು." ಅದೇ ತಾನೇ? ಅದನ್ನ ನಿಂತ್ಕೊಂಡೇ ಟೈಪ್ ಮಾಡಿದ್ದು ನಮಿತಾ. ಕೂರೋಕೆ ಆಗ್ತಿರ್ಲಿಲ್ಲ.

ನಿಜ ಬರೆದ್ರೆ ಟೈರಿಗೆ ಮತ್ತೆ ಗಾಳಿ ತುಂಬಿಸ್ಬೇಕು, ಬೋರ್ಡ್ ಅಳಿಸ್ಬೇಕಾಗುತ್ತಲ್ಲ ಅಂತ. ಅಷ್ಟಕ್ಕೇ. ಇನ್ನೂರ ಹನ್ನೊಂದು ದಿನ... ಹೇಳೋಕೂ ನಾಚಿಕೆ ಆಗುತ್ತೆ. ಬೈದಾದ್ರೂ ಬಿಡು.

ಸರಿ. ನನ್ನ ಫಾರಂ ತಗೋ. ನೋವಿಗೆ ಕಾರಣ ಅಂತ ಇದ್ಯಲ್ಲ, ಅಲ್ಲಿ ಬಾತ್‌ರೂಮ್ ಹೊಡೆದ್ಹಾಕು. ಲೋಡರ್ ಅಂತ ಬರಿ. ಟೈರಲ್ಲಿ ಫೋಮ್ ತುಂಬಿಸಿದ್ದು ಅಂತಾನೂ ಬರಿ, ಯಾರು ತುಂಬಿಸಿದ್ದು ಅಂತಾನೂ ಬರಿ. ನನಗೊಂದು ಪ್ರತಿ ಕೊಡು. ಸೋಮವಾರ ವಿಚಾರಣೆಗೆ ನಾನೇ ತಗೊಂಡು ಹೋಗ್ತೀನಿ.

ಎಲ್ಲಿ, ಪೆನ್ನು ಕೊಡು, ಸಹಿ ಹಾಕ್ತೀನಿ.

ಸ್ವಲ್ಪ ಕೈ ಹಿಡಿದು ಎಬ್ಬಿಸ್ತೀಯಾ? ನನ್ನ ಕೈಲಿ ಏಳೋಕಾಗ್ತಿಲ್ಲ.