ಇಪ್ಪತ್ತೆರಡೂವರೆ ಕೊಡ

ಈ ಸಭೆಗೂ, ಈ ಶಾಲೆಯ ಆಡಳಿತ ಮಂಡಳಿಗೂ, ನಮ್ಮ ಬೀದಿಯ ನಲ್ಲಿಗೂ ಏಕಕಾಲಕ್ಕೆ ಅಧ್ಯಕ್ಷರಾಗಿರುವ ಶ್ರೀ ಚಕ್ರಪಾಣಿಯವರೇ, ಮುಖ್ಯೋಪಾಧ್ಯಾಯರಾದ ಶ್ರೀ ಪದ್ಮನಾಭ ಅವರೇ, ಹಾರ ಹಾಕಿ ಕಳಿಸಿಕೊಡಲು ನಾವೆಲ್ಲ ಸೇರಿರುವ ಗಣಿತದ ಅಧ್ಯಾಪಕಿ ಶ್ರೀಮತಿ ವತ್ಸಲಾ ಅವರೇ, ಉಪ್ಪಿಟ್ಟಿನ ವಾಸನೆ ಬಂದರೂ ಕುರ್ಚಿ ಬಿಟ್ಟು ಏಳದ ಸಹನಶೀಲ ಸಭಿಕರೇ,

ಪೋಷಕರ ಪರವಾಗಿ ನಾಲ್ಕು ಒಳ್ಳೆಯ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಕರೆದವರಿಗೆ ನನ್ನ ಪರಿಚಯ ಸಾಲದು ಎಂದು ಕಾಣುತ್ತದೆ.

ರಾಜಾಜಿನಗರದ ಈ ಬ್ಲಾಕಿಗೆ ನಾನು ಬಂದ ಹೊಸದರಲ್ಲಿ ಮಾಗಡಿ ರಸ್ತೆಯ ಆಚೆ ನರಿಗಳು ಕೂಗುತ್ತಿದ್ದವು. ಈಗ ಈಚೆ ಕಮಿಟಿಗಳು ಕೂಗುತ್ತವೆ. ಕಳೆದ ವರ್ಷ, ಎಂದರೆ ಎಪ್ಪತ್ತೇಳರ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲೂ ಒಂದು ನಲ್ಲಿ ಕಮಿಟಿ ಹುಟ್ಟಿತು. ಬೀದಿಗೆ ಒಂದೇ ನಲ್ಲಿ, ನಲವತ್ತು ಮನೆ. ದಿನ ಬಿಟ್ಟು ದಿನ ಬೆಳಿಗ್ಗೆ ಅರ್ಧ ಗಂಟೆ ನೀರು. ಜಗಳವಾಗದೆ ಇರುತ್ತದೆಯೇ? ಆಗುತ್ತಿತ್ತು. ಆ ಜಗಳವನ್ನು ವೈಜ್ಞಾನಿಕವಾಗಿ ಪರಿಹರಿಸಲು ನಮ್ಮ ಅಧ್ಯಕ್ಷರು ಒಂದು ಬೆಳಿಗ್ಗೆ ಕೈಗಡಿಯಾರ ಹಿಡಿದು ನಲ್ಲಿಯ ಮುಂದೆ ನಿಂತರು. ಒಂದು ಕೊಡ ತುಂಬಲು ಮುಕ್ಕಾಲು ನಿಮಿಷ ಹಿಡಿಯಿತು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಅವರು ಲೆಕ್ಕ ಮಾಡಿದರು.

ಮೂವತ್ತು ನಿಮಿಷವನ್ನು ಮುಕ್ಕಾಲರಿಂದ ಭಾಗಿಸಬೇಕು, ಅಲ್ಲವೇ? ನಮ್ಮ ಅಧ್ಯಕ್ಷರು ಮೂವತ್ತರಲ್ಲಿ ಮುಕ್ಕಾಲು ಭಾಗ ತೆಗೆದರು. ಕನ್ನಡ ಎಷ್ಟು ಚೆಲುವಾದ ಭಾಷೆ ನೋಡಿ, ‘ಭಾಗ’ ಎಂಬ ಒಂದೇ ಪದದಲ್ಲಿ ಇಡೀ ಬೀದಿಯನ್ನು ಮುಳುಗಿಸಬಹುದು, ಅದೂ ನೀರಿಲ್ಲದೆ. ಉತ್ತರ ಬಂತು: ಇಪ್ಪತ್ತೆರಡೂವರೆ ಕೊಡ. ನಲ್ಲಿ ಇಷ್ಟೇ ಕೊಡುತ್ತದೆ ಎಂದು ಕಮಿಟಿ ತೀರ್ಮಾನಿಸಿತು. ಮೊದಲ ಇಪ್ಪತ್ತೆರಡು ಮನೆಗೆ ಒಂದೊಂದು ಕೊಡ, ಇಪ್ಪತ್ಮೂರನೆಯ ಮನೆಗೆ ಅರ್ಧ ಕೊಡ, ಉಳಿದವರೆಲ್ಲ ಆಚೆಯ ಬಾವಿಗೆ. ಅಷ್ಟಾದ ಮೇಲೆ ನಲ್ಲಿಗೆ ತಗಡಿನ ಡಬ್ಬ ಮುಚ್ಚಿ ಬೀಗ.

ಡಬ್ಬದೊಳಗೆ ನೀರು ಸುಯ್ಯೆಂದು ಸುರಿಯುತ್ತಲೇ ಇತ್ತು. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಚಿಕ್ಕಗಂಗಮ್ಮ, “ಸ್ವಾಮಿ, ಇನ್ನೂ ಬತ್ತಾ ಐತಲ್ಲ?” ಎಂದು ಕೇಳಿದ್ದಕ್ಕೆ ಅಧ್ಯಕ್ಷರು, “ಅದು ಲೆಕ್ಕಕ್ಕೆ ಸೇರಲ್ಲಮ್ಮ” ಎಂದರು. “ಲೆಕ್ಕಕ್ಕೆ ಸೇರ್ದೆ ಇದ್ರೆ ಬ್ಯಾಡ ಬುಡಿ, ನನ್ನ ಕೊಡಕ್ಕೆ ಸೇರ್ಲಿ” ಎಂದಳು ಆಕೆ. ಅದನ್ನು ಕಮಿಟಿ ಪರಿಶೀಲಿಸಲಿಲ್ಲ.

ಇಪ್ಪತ್ಮೂರನೆಯ ಮನೆ ಯಾರದು ಎಂದು ನೀವು ಕೇಳಬಹುದು. ಅದು ಇಲ್ಲಿ ಮುಖ್ಯವಲ್ಲ. ನನ್ನದು. ನನ್ನ ಹೆಂಡತಿ ಪ್ರಭಾ ಸೊಂಟದ ಮೇಲೆ ಅರ್ಧ ಕೊಡ ಇಟ್ಟುಕೊಂಡು, ಹೆಜ್ಜೆ ಹೆಜ್ಜೆಗೂ ಸೀರೆ ನೆನೆಸಿಕೊಂಡು ಬರುವುದನ್ನು ಇಡೀ ಬೀದಿ ನೋಡಿತು. ಬೀದಿಯ ಪಡ್ಡೆಗಳು ನನಗೆ ‘ಅರ್ಧ ಕೊಡ ಅಂಕಲ್’ ಎಂದು ಹೆಸರಿಟ್ಟರು. ಅದಕ್ಕೆ ಸಂಬಂಧಪಟ್ಟ ಗಾದೆ ನಿಮಗೆಲ್ಲ ಗೊತ್ತು, ನಾನು ಹೇಳುವುದಿಲ್ಲ. ಆದರೆ ನನ್ನ ಸಿಟ್ಟು ಅದಕ್ಕಲ್ಲ, ಅದು ಕೇವಲ ತತ್ವಕ್ಕೆ ಸಂಬಂಧಿಸಿದ್ದು. ರೋಮನ್ನರ ಕಾಲುವೆಗಳಿಂದ ಹಿಡಿದು ನಮ್ಮ ಕೆರೆಗಳವರೆಗೆ ಉದಾಹರಣೆ ಕೊಟ್ಟು ಪತ್ರಿಕೆಗಳಿಗೆ ಬರೆದೆ. “ಅಷ್ಟೆಲ್ಲ ಬರೆದ್ರಲ್ಲ, ಆ ಲೆಕ್ಕ ಒಂದ್ಸಲ ಮಾಡಿ ನೋಡಿದ್ರಾ?” ಎಂದು ಪ್ರಭಾ ಕೇಳಿದಳು. ಆ ವಿಷಯ ಇಲ್ಲಿ ಅಪ್ರಸ್ತುತ.

ಮಾಡಿ ನೋಡಿದವರು ವತ್ಸಲಾ ಅವರು. ಏಳನೇ ತರಗತಿಯ ಪರೀಕ್ಷೆಯಲ್ಲಿ ಅದನ್ನೇ ಪ್ರಶ್ನೆಯಾಗಿ ಕೊಟ್ಟರು. ಮಕ್ಕಳೆಲ್ಲ ನಲವತ್ತು ಎಂದು ಬರೆದು, ಮನೆಗೆ ಬಂದು ಅಪ್ಪಂದಿರ ಮುಖ ನೋಡಿದರು. ನಲವತ್ತು ಕೊಡ, ನಲವತ್ತು ಮನೆ. ಮುಂದಿನ ನೀರಿನ ದಿನ ನಲ್ಲಿಯ ಸುತ್ತ ಜಾತ್ರೆಯಷ್ಟು ಜನ. ಅಧ್ಯಕ್ಷರು ಬಗ್ಗಲಿಲ್ಲ. ಅವರ ವಾದ ಏನೆಂದು ನನಗೆ ಇಂದಿಗೂ ಅಕ್ಷರಶಃ ನೆನಪಿದೆ: “ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ರೀ ಮೇಡಂ. ಮೂವತ್ತು ಹೋಗಿ ನಲವತ್ತು ಹೆಂಗಾಗತ್ತೆ? ನಮ್ಮನೇಲಿ ಅಣ್ಣತಮ್ಮಂದ್ರು ಭಾಗ ಆದಾಗ ಯಾರಿಗ್ರೀ ಜಾಸ್ತಿ ಬಂತು?”

ವತ್ಸಲಾ ಅವರು ಒಂದು ಕೊಡವನ್ನು ನಲ್ಲಿಯ ಕೆಳಗೆ ಇಟ್ಟರು. ತುಂಬಿದ್ದನ್ನು ಸರಿಸಿ ಇನ್ನೊಂದು, ಮತ್ತೊಂದು, ಮಗದೊಂದು. “ಸಾರ್, ನಿಮ್ಮ ವಾಚೇ ನೋಡಿ. ಮೂರು ನಿಮಿಷಕ್ಕೆ ಎಷ್ಟು ಕೊಡ ಆಯ್ತು?”

ನಾಲ್ಕು ಎಂದು ಅಧ್ಯಕ್ಷರೇ ಹೇಳಿದರು.

“ಅರ್ಧ ಗಂಟೇಲಿ ಇಂಥ ಮೂರು ನಿಮಿಷ ಎಷ್ಟಿದೆ? ಹತ್ತು. ಅಲ್ಲಿಗೆ ನಲವತ್ತು. ಭಾಗಿಸೋದು ಅಂದ್ರೆ ಬರೀ ಪಾಲು ಹಂಚೋದಲ್ಲ ಸಾರ್. ಇದರೊಳಗೆ ಅದು ಎಷ್ಟು ಸಲ ಹಿಡಿಯತ್ತೆ ಅಂತ ಕೇಳೋದು. ಅಳತೆ ಒಂದಕ್ಕಿಂತ ಚಿಕ್ಕದಾದ್ರೆ ಜಾಸ್ತಿ ಸಲ ಹಿಡಿಯತ್ತೆ.”

ಬೀಗ ಹೋಯಿತು. ರಿಪೇರಿಗೆ ತೆಗೆದಿದ್ದೇವೆ ಎಂದು ಕಮಿಟಿ ಹೇಳಿತು. ರಿಪೇರಿ ಇನ್ನೂ ನಡೆದಿದೆ.

ಇಂಥ ಅಧ್ಯಾಪಕಿಯನ್ನು ನಾವು ಇವತ್ತು ಏಕೆ ಕಳಿಸುತ್ತಿದ್ದೇವೆ? ಅವರಾಗಿ ಹೋಗುತ್ತಿದ್ದಾರೆಯೇ? ಇಲ್ಲ. ಊರಿಗೆ ವರ್ಗವೇ? ಅಲ್ಲ. ಆಡಳಿತ ಮಂಡಳಿ ಅವರ ಹುದ್ದೆಯನ್ನೇ ರದ್ದು ಮಾಡಿದೆ. ನಲ್ಲಿಯ ಸೇಡು ಎಂದು ನಾನು ಖಚಿತವಾಗಿ ನಂಬಿದ್ದೆ. ಅದಕ್ಕೆ ತಕ್ಕ ಭಾಷಣವನ್ನೂ ಸಿದ್ಧಮಾಡಿದ್ದೆ, ಬಹಳ ಚೆನ್ನಾಗಿತ್ತು. ಈಗ ಒಳಗೆ ಬರುವಾಗ ವೆರಾಂಡದಲ್ಲಿ ಪದ್ಮನಾಭ ಅವರನ್ನು ಹಿಡಿದು ಕಾರಣ ಕೇಳಿದೆ. ಅವರು ಅತ್ತಿತ್ತ ನೋಡಿ ಹೇಳಿದರು: “ಪೀರಿಯಡ್ ಸಾಲಲ್ಲ ಅಂತಾರೆ ಸಾರ್. ವಾರಕ್ಕೆ ಇಪ್ಪತ್ತಾದ್ರೂ ಇರ್ಬೇಕಂತೆ. ಇವರದು ಹದಿನೆಂಟು ಗಂಟೆ ಪಾಠ, ಪೀರಿಯಡ್ಡು ಮುಕ್ಕಾಲು ಗಂಟೆ. ಹದಿಮೂರೂವರೆ ಬಂತು ಅಂದ್ರು ಅಧ್ಯಕ್ಷರು. ನಾನೇನು ಹೇಳ್ಲಿ?”

ಸಭಿಕರೇ, ಆ ‘ಊವರೆ’ ಕಿವಿಗೆ ಬಿದ್ದೊಡನೆ ನನ್ನ ಸೊಂಟದ ಮೇಲೆ ನೀರು ತುಳುಕಿದಂತಾಯಿತು. ಅಧ್ಯಕ್ಷರೇ, ನಿಮ್ಮ ಮೇಲೆ ಸೇಡಿನ ಆರೋಪ ಹೊರಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಸೇಡು ತೀರಿಸಲೂ ಒಂದಿಷ್ಟು ಲೆಕ್ಕ ಬರಬೇಕು.

ಮೂರು ಗಂಟೆಯಲ್ಲಿ ಮುಕ್ಕಾಲು ಗಂಟೆಯ ಪೀರಿಯಡ್ ಎಷ್ಟು ಸಲ ಹಿಡಿಯುತ್ತದೆ? ಹದಿನೆಂಟರಲ್ಲಿ ಇಂಥ ಮೂರು ಎಷ್ಟು? ನಾನು ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಏಳನೇ ತರಗತಿಯ ಮಕ್ಕಳು ಈಗಾಗಲೇ ಬೆರಳು ಮಡಿಸಿ ನಗುತ್ತಿದ್ದಾರೆ. ವತ್ಸಲಾ ಅವರು ಮಾತ್ರ ತಲೆ ಎತ್ತಿಲ್ಲ; ಈ ಲೆಕ್ಕ ಅವರಿಗೆ ಇಷ್ಟು ದಿನ ಯಾರೂ ತೋರಿಸಿರಲಿಲ್ಲ ಎಂದು ಕಾಣುತ್ತದೆ.

ತಂದ ಹಾರ ವಾಪಸು ಹೋಗದಿರಲಿ, ಹೂವು ಬಾಡುತ್ತದೆ, ವತ್ಸಲಾ ಅವರು ಉಳಿದುಕೊಂಡದ್ದಕ್ಕೆ ಹಾಕೋಣ. ನನ್ನ ನಂತರ ಇರುವುದು ಅಧ್ಯಕ್ಷೀಯ ಭಾಷಣ ಒಂದೇ. ಅಧ್ಯಕ್ಷರೇ, ನಿಮ್ಮ ಹಿಂದೆ ಕಪ್ಪು ಹಲಗೆ ಇದೆ, ಸೀಮೆಸುಣ್ಣವನ್ನು ನಿಮ್ಮ ನೀರಿನ ಲೋಟದ ಪಕ್ಕದಲ್ಲಿ ಇಟ್ಟಿದ್ದೇನೆ. ಮೊದಲು ಲೆಕ್ಕ, ಆಮೇಲೆ ಭಾಷಣ. ನಿಧಾನವಾಗಿ ಮಾಡಿ. ಇವತ್ತು ನಲ್ಲಿಯಲ್ಲಿ ನೀರು ಬರುವ ದಿನವಲ್ಲ. ಇಲ್ಲಿ ಯಾರಿಗೂ ಎದ್ದು ಹೋಗುವ ಅವಸರವಿಲ್ಲ.

ಕೇಳಿದ ನಿಮಗೂ, ಕೇಳಬೇಕಾಗಿ ಬಂದ ವೇದಿಕೆಯವರಿಗೂ ವಂದನೆಗಳು. ಪೂರ್ತಿ ನಲವತ್ತು ಮನೆಯವರಿಗೂ ನಮಸ್ಕಾರ.