ಶಟರ್ ಎಳೆದ ದಿನ

ಖಾಸಗಿ ವೈದ್ಯರ ಮುಷ್ಕರ ಮುಗಿದು ತಿಂಗಳಾಗಿತ್ತು. ಬೈಂದೂರಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಇಬ್ಬರು ಹೆಂಗಸರು ಬಂದರು. ಹಿರಿಯವಳು ರಾಜೀವಿ, ಚಂದಯ್ಯನ ಹೆಂಡತಿ; ಕತ್ತಿನಲ್ಲಿ ಕರಿಮಣಿ ಇರಲಿಲ್ಲ. ಕಿರಿಯವಳು ಪದ್ದು, ಕುಂದಾಪುರದ ಒಂದು ಕ್ಲಿನಿಕ್ಕಿನಲ್ಲಿ ಗುಡಿಸಿ ಒರೆಸುವವಳು.

"ರಾಜೀವಕ್ಕ, ಚಂದಯ್ಯಣ್ಣನ್ನ ನಮ್ ಡಾಕ್ಟ್ರ್ ಹತ್ರ ಎಂತಕ್ಕೆ ತರ್ಲಿಲ್ಲೆ?"

"ತಂದಿದ್ದೆ ಮಾರಾಯ್ತಿ. ಎದೆನೋವ್ ಅಂದ್ರ್, ಮಗ ರಿಕ್ಷಾದಗೆ ಕರ್ಕಂಡ್ ಬಂದ. ಶಟರ್ ಎಳ್ದಿತ್."

"ಅದ್ ಮುಷ್ಕರ ಅಲ್ದಾ!"

"ಡಾಕ್ಟ್ರಿಗೆಂತ ಮುಷ್ಕರ? ಅವ್ರೆಂತ ಬಸ್ಸಿನವ್ರಾ?"

"ಆಸ್ಪತ್ರೆ ರೇಟ್ ಸರ್ಕಾರವೇ ಗೊತ್ತ್ ಮಾಡೂ ಕಾನೂನ್ ಬತ್ತಂಬ್ರ್. ಅದ್ ಬ್ಯಾಡ ಅಂದ್ಹೇಳಿ ಎಲ್ಲಾ ಡಾಕ್ಟ್ರೂ ಬಾಗ್ಲ್ ಹಾಕಿದ್ರ್."

"ನಮ್ಗೆಂತ ಗೊತ್ತ್? ನಮ್ಮಲ್ ಯಾರಾರೂ ಸತ್ರೆ ಕಡ್ಲಿಗೆ ದೋಣಿ ಇಳ್ಸುದಿಲ್ಲೆ ಅಲ್ದಾ? ಹಾಂಗೇ ಡಾಕ್ಟ್ರ್ ಮನ್ಯಗೂ ಯಾರೋ ತೀರಿ ಹೋಯ್ರ್ ಅಂದ್ಕಂಡ್ಯ. 'ಸಾವಿನ್ ಮನಿ ಬಾಗ್ಲ್ ತಟ್ಟುಕಾಗ, ನಾಳೆ ಬಪ್ಪ' ಅಂದ್ರ್ ಇವ್ರ್. ವಾಪಸ್ ಮನಿಗ್ ಹೋಪಾಗ ತ್ರಾಸಿ ದಾಟೂಕೂ ಉಸ್ರ್ ನಿಂತ್ತ್."

ಪದ್ದು ಕಿಟಕಿಯ ಕಡೆ ತಿರುಗಿದಳು.

"ಡಾಕ್ಟ್ರ್ ಊರಗಿರ್ಲಿಲ್ಲೆ ಅಲ್ದಾ ಪದ್ದು?"

"ಕ್ಲಿನಿಕ್ಕಿನ್ ಮೇಲೇ ಇದ್ರ್, ಅಕ್ಕ. ಜೀವಕ್ಕೆ ಅಪಾಯ ಇಪ್ಪವ್ರನ್ನ ಹಿಂದಿನ್ ಬಾಗ್ಲಗೆ ಒಳ್ಗ್ ಬಿಡ್ ಅಂದಿದ್ರ್. ಯಾರಾರೂ ತಟ್ತ್ರಾ ಅಂದ್ಹೇಳಿ ಶಟರ್ ಒಳ್ಗೇ ಕೂತಿದ್ದೆ ನಾನ್."

ಕಂಡಕ್ಟರ್ ಮರವಂತೆ ಎಂದು ಕೂಗಿದಾಗ ರಾಜೀವಿ ಸೀಟಿನ ಕಂಬಿ ಹಿಡಿದು ಎದ್ದಳು.

"ಮಗನ ಹತ್ರ ಇದನ್ನ್ ಹೇಳ್ಬ್ಯಾಡ, ಪದ್ದು. ಒಂದ್ ಸಲ ತಟ್ಟಿ ಕಾಂಬ ಅಂದವ ಅವ್ನೊಬ್ನೇ."

ಪದ್ದು ಅವಳ ಚೀಲ ಎತ್ತಿಕೊಂಡು ಹಿಂದೆಯೇ ಇಳಿದಳು.